ಹೆಸರು ಬದಲಿಸಿದೆ, ಊರು ಬದಲಿಸಿದೆ

ತಪ್ಪು ನನ್ನದೇ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದೆ ಗೆಳೆಯನನ್ನು ಬೈಯುವ ಭರದಲ್ಲಿ ಮರೆತವನಂತೆ ನಟಿಸುವುದು ನನಗೆ ಕಷ್ಟದ ಕೆಲಸವಲ್ಲ. ಒಬ್ಬ ತಾಯಿ ನನಗೊಬ್ಬನಿಗೇ ಹೇಳಿದ ಮಾತನ್ನು ನಾನು ಇಪ್ಪತ್ತು ಜನರ ಮುಂದೆ ಅವಳದೇ ದನಿಯಲ್ಲಿ ಆಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡೆ.

ಲಿಂಗಸುಗೂರಿನ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಬೀಳದವರಿಲ್ಲ. ಬಸ್ಸಿನ ಕಂಡಕ್ಟರ್, ಸೀನುವ ಮುಂಚೆ ಮನೆಮಂದಿಯನ್ನೆಲ್ಲ ಎಚ್ಚರಿಸುವ ನಮ್ಮಪ್ಪ, ಎದುರಿಗೆ ಹುಡುಗಿ ಬಂದರೆ ದನಿ ದಪ್ಪ ಮಾಡಿಕೊಳ್ಳುವ ನಾನು, ಎಲ್ಲರನ್ನೂ ಅನುಕರಿಸಿ ನಗಿಸುತ್ತೇನೆ. ಇಂಥವನು ಸಾವಾದ ಮನೆಗಳಿಗೆ ಹೋಗಿ ದುಃಖದವರ ಜೊತೆ ಕೂಡುವ ಆಪ್ತಸಮಾಲೋಚಕನಾಗುತ್ತೇನೆ ಎಂದಾಗ ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ. ಅಲ್ಲಿ ಹೋಗಿ ಯಾರನ್ನಾದರೂ ನಗಿಸಿ ಒದೆ ತಿಂದು ಬರಬೇಡ ಎಂದಳು.

ತರಬೇತಿ ಪ್ರತಿ ಶನಿವಾರ, ಸಿಂಧನೂರಿನ ಒಂದು ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ. ಯೂರಿಯಾ ವಾಸನೆಯಲ್ಲಿ ನಾವು ಕರುಣೆ ಕಲಿಯುತ್ತಿದ್ದೆವು. ನಾನು ಬೈಕಿನಲ್ಲಿ ಹೊರಟು, ಜೊತೆಗೆ ಕಲಿಯುತ್ತಿದ್ದ ಗೆಳೆಯನನ್ನು ಮಸ್ಕಿಯಲ್ಲಿ ಹತ್ತಿಸಿಕೊಳ್ಳುತ್ತಿದ್ದೆ. ಹಿಂದೆ ಕೂತು ನನ್ನ ಹೊಸ ದನಿಗಳಿಗೆ ನಕ್ಕು ನಕ್ಕು ಅವನು ಬೈಕನ್ನೇ ಅಲುಗಾಡಿಸುತ್ತಿದ್ದ. ಅಂಥ ಕೇಳುಗ ನನಗೆ ಇನ್ನೊಬ್ಬ ಸಿಕ್ಕಿರಲಿಲ್ಲ. ಕಲಿಸುವ ಮೇಡಂ ಮೊದಲ ದಿನವೇ ಒಂದು ನಿಯಮ ಹೇಳಿದ್ದರು. ಭೇಟಿ ಕೊಟ್ಟ ಮನೆಯ ವಿಷಯವನ್ನು ತರಗತಿಯಲ್ಲಿ ಆಡುವಾಗ ಹೆಸರು, ಊರು, ಗುರುತು ಬದಲಿಸಬೇಕು. ನಾನು ಅದನ್ನು ಬರೆದುಕೊಂಡು ಎರಡು ಗೆರೆ ಎಳೆದಿದ್ದೆ.

ನನ್ನ ಪಾಲಿಗೆ ಬಂದದ್ದು ಸಂತೆಕಲ್ಲೂರಿನ ಮನೆ. ಮಗ ಬೈಕಿನಿಂದ ಬಿದ್ದು ತೀರಿಕೊಂಡು ಮೂರು ತಿಂಗಳಾಗಿತ್ತು. ಉಳಿದವರು ತಾಯಿ, ಸೊಸೆ, ಎರಡು ಎಮ್ಮೆ. ತಾಯಿ ಅತ್ತಿರಲೇ ಇಲ್ಲ. ಕಲ್ಲಿನಂಥ ಹೆಂಗಸು ಎಂದು ಊರು ಆಡಿಕೊಳ್ಳುತ್ತಿತ್ತು. ಅಳು ಅವಳದು, ಅವಳ ಹೊತ್ತಿಗೆ ಬರಲಿ, ನೀನು ಸುಮ್ಮನೆ ಕೂತು ಬಾ ಎಂದು ಮೇಡಂ ಹೇಳಿ ಕಳಿಸಿದ್ದರು. ಪ್ರತಿ ಮಂಗಳವಾರ ಹೋಗಿ ಕೂಡುತ್ತಿದ್ದೆ. ಅವಳು ಮೇವು ಹಾಕುವಳು, ಸಗಣಿ ಬಳಿಯುವಳು. ನಾನು ಬಾಯಿ ಮುಚ್ಚಿಕೊಂಡಿರುವುದು. ಹುಟ್ಟಿದ ಮೇಲೆ ನಾನು ಅಷ್ಟು ಹೊತ್ತು ಸುಮ್ಮನಿದ್ದ ಜಾಗ ಅದೊಂದೇ.

ಆರನೆಯ ಮಂಗಳವಾರ, ಸೊಸೆ ನೀರಿಗೆ ಹೋದಾಗ, ತಾಯಿ ಬಾಯಿ ಬಿಟ್ಟಳು. ಮಗ ತೀರಿಕೊಂಡ ದಿನ ಬೆಳಿಗ್ಗೆ ಎಮ್ಮೆಯನ್ನು ದನದ ಡಾಕ್ಟರ ಹತ್ತಿರ ಹೊಡೆದುಕೊಂಡು ಹೋಗು ಎಂದರೆ, ಅವನು ಕೇಳದೆ ಬೈಕು ಹತ್ತಿದನಂತೆ.

"ಹೋದ್ರ ಹಂಗ ಹೋಗು, ತಿರುಗಿ ಮನಿಗೆ ಬರಬ್ಯಾಡ ಅಂದೆ ನಾ, ತಮ್ಮಾ. ಎಂದೂ ನನ್ನ ಮಾತು ಕೇಳಿದಾಂವಲ್ಲ. ಅವತ್ತೊಂದಿನ ಕೇಳಿದ."

ಮಾತಿನ ನಡುವೆ ನಾಲಿಗೆಯನ್ನು ಲೊಚಗುಟ್ಟುವುದು, ಅರ್ಧಕ್ಕೆ ನಿಲ್ಲಿಸಿ ಉಸಿರು ಒಳಗೆಳೆಯುವುದು ಅವಳ ರೂಢಿ. ಇದು ಸೊಸೆಯ ಕಿವಿಗೆ ಬೀಳಬಾರದು, ಬಿದ್ದರೆ ಅವಳು ನನ್ನ ಮುಖ ನೋಡಲಾರಳು ಎಂದಳು. ನಾನು ತಲೆ ಆಡಿಸಿದೆ. ತಲೆ ಆಡಿಸುವಾಗಲೇ ನನ್ನ ನಾಲಿಗೆ ಒಳಗೊಳಗೇ ಆ ಲೊಚಗುಟ್ಟುವಿಕೆಯನ್ನು ಕಲಿಯುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಶನಿವಾರ ತರಗತಿಯಲ್ಲಿ ಒಬ್ಬರು ದುಃಖದವರಾಗಿ, ಇನ್ನೊಬ್ಬರು ಸಮಾಲೋಚಕರಾಗಿ ಆಡಿ ತೋರಿಸುವ ಪಾಠ. ಮೊದಲು ಎದ್ದವನು ನಾನೇ. ನಿಯಮ ಮುರಿಯಲಿಲ್ಲ. ತಾಯಿಗೆ ಬೇರೆ ಹೆಸರಿಟ್ಟೆ. ಸಂತೆಕಲ್ಲೂರನ್ನು ಸಾಲಗುಂದ ಮಾಡಿದೆ. ಗುರುತು ಸಿಗದಿರಲೆಂದು ಎಮ್ಮೆಯನ್ನು ಆಕಳು ಮಾಡಿದೆ. ದನಿಯನ್ನು ಮಾತ್ರ ಇದ್ದಂತೆ ಇಟ್ಟೆ. ದನಿಯೂ ಒಂದು ಗುರುತು ಎಂದು ದನಿಯಿಂದಲೇ ಜನರನ್ನು ಕದಿಯುವ ನನಗೆ ಹೊಳೆಯಲಿಲ್ಲ. ಟವೆಲ್ಲನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡು, ಕೊನೆಗೆ ಗೊಳೋ ಎಂದು ಅತ್ತೆ. ಅವಳು ಅಳದೇ ಬಿಟ್ಟದ್ದನ್ನು ನಾನು ಸೇರಿಸಿದೆ. ಮೊದಲ ಚಪ್ಪಾಳೆ ಮೇಡಂ ಅವರದು.

ಗೆಳೆಯ ಅದನ್ನು ಮೊಬೈಲಿನಲ್ಲಿ ಹಿಡಿದದ್ದು ನನಗೆ ಗೊತ್ತಿರಲಿಲ್ಲ. ಸ್ಟೇಟಸ್ ಹಾಕಿದ. ಅಲ್ಲಿಂದ ಯಾರೋ ಯಾರಿಗೋ ಕಳಿಸಿದರು. ಸೋಮವಾರ ಸಂತೆಕಲ್ಲೂರಿನ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಹಿಡಿದು ಸರದಿಯಲ್ಲಿ ನಿಂತಿದ್ದ ಸೊಸೆಯ ಹಿಂದೆ ಯಾರದೋ ಮೊಬೈಲು ಮಾತಾಡಿತಂತೆ. ಅವಳು ತಿರುಗಿ ಪರದೆ ನೋಡಲೇ ಇಲ್ಲವಂತೆ. ನೋಡುವ ಅಗತ್ಯವಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಮೇಡಂ ಕರೆಸಿದರು. ಊರಿನಿಂದ ದೂರು ಬಂದಿದೆ, ನಿಯಮವನ್ನು ಮೊದಲ ದಿನವೇ ಹೇಳಿದ್ದೆ ಎಂದು ಫೈಲಿನಲ್ಲಿ ಬರೆದುಕೊಂಡರು. ಚಪ್ಪಾಳೆ ತಟ್ಟಿದ್ದ ಆ ಕೈಗಳನ್ನೇ ನಾನು ನೋಡುತ್ತಿದ್ದೆ. ಅವುಗಳಿಗೆ ಏನೂ ನೆನಪಿದ್ದಂತೆ ಕಾಣಲಿಲ್ಲ.

ಗೆಳೆಯ ಮಸ್ಕಿಯ ಚಹಾದಂಗಡಿಯಲ್ಲಿ ಸಿಕ್ಕ. ಅಷ್ಟು ದಿನ ನನ್ನ ಬೆನ್ನಿಗೆ ಕೂತು ನಕ್ಕವನು ಬೆನ್ನಿಗೇ ಚೂರಿ ಹಾಕಿದನೆಂದು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಒಂದೇ.

"ನನ್ನ ಒಂದ್ ಮಾತು ಕೇಳದ ಯಾಕ ಹಿಡದಿಲೇ?"

ಅವನು ಕಪ್ಪು ಕೆಳಗಿಟ್ಟ. "ನೀ ಆಕೀನ ಕೇಳಿದ್ದೇನಲೇ?"

ಅವನು ಕೇಳಿದ್ದು ಸರಿಯೇ. ಆದರೂ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಪೂರಾ ಇಳಿದಿಲ್ಲ. ಅವನನ್ನು ಅಲ್ಲೇ ಬಿಟ್ಟು ಒಬ್ಬನೇ ಸಂತೆಕಲ್ಲೂರಿಗೆ ಹೋದೆ.

ಸೊಸೆ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಂದನ್ನು ತಟ್ಟೆಗೆ ಹಾಕಿ ಅತ್ತೆಯ ಮುಂದೆ ಸರಿಸಿದಳು. ಉಣ್ಣು ಎನ್ನಲಿಲ್ಲ, ಮುಖ ನೋಡಲಿಲ್ಲ. ಅತ್ತೆಯೂ ತಟ್ಟೆ ಮುಟ್ಟಲಿಲ್ಲ. ನಾನು ಬಾಗಿಲಲ್ಲೇ ನಿಂತು, ತಪ್ಪಾಯಿತು ಎಂದೆ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ, ಎಮ್ಮೆಯನ್ನು ಆಕಳು ಮಾಡಿದ್ದೆ ಎಂದು ಒಂದೊಂದಾಗಿ ಒಪ್ಪಿಸಿದೆ. ಕ್ಷಮೆ ಕೇಳಲು ಹೋದವನು ವಕಾಲತ್ತು ನಡೆಸುತ್ತಿದ್ದೆ. ಕೊನೆಗೆ, ಮುಂದಿನ ಮಂಗಳವಾರ ಬರಲೇನವ್ವಾ ಎಂದು ಕೇಳಿದೆ.

ತಾಯಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

"ನಾ ಅಳಬೇಕಾದ್ದು ನೀನ ಅತ್ತು ಮುಗಿಸೀಯಲ್ಲ, ತಮ್ಮಾ. ಇನ್ನ ಯಾರ್ನ ಸಮಾಧಾನ ಮಾಡಾಕ ಬರ್ತಿ?"