ಊಟದ ಪಂಕ್ತಿಯಲ್ಲಿ ಎ, ಬಿ, ಸಿ

ಹೋದ ವಾರ ಹ್ಯಾಂಡ್‌ಪೋಸ್ಟ್ ಎಂಬ ಕೂಡುದಾರಿಯಲ್ಲಿ ಬಸ್ಸಿಳಿದು ರಸ್ತೆ ದಾಟುತ್ತಿದ್ದೆ. ಪಕ್ಕದಲ್ಲೇ ಶುಂಠಿ ಮೂಟೆಗಳ ಲಾರಿಯೊಂದು ನಿಂತಿತ್ತು. ಆಗಷ್ಟೇ ತೊಳೆದ ಶುಂಠಿಯಿರಬೇಕು, ಮೂಟೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆ ಹಸಿ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಆಟೋದವನು ಹಾರನ್ ಹೊಡೆದ ಮೇಲೆ ಎಚ್ಚರವಾಯಿತು. ಎಷ್ಟೋ ವರ್ಷಗಳ ಹಿಂದೆ ನನ್ನ ಪಕ್ಕದಲ್ಲಿ ಕುಳಿತು ಓದುತ್ತಿದ್ದ ಅಕ್ಕನ ಕೈಗಳಿಂದ ಇದೇ ವಾಸನೆ ಬರುತ್ತಿತ್ತು. ಎಷ್ಟು ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ ಎಂದು ಆಕೆ ಅಂಗೈ ಮೂಸಿ ನೋಡಿ ನಗುತ್ತಿದ್ದಳು…

ಆಕೆ ನನ್ನ ಒಡಹುಟ್ಟಿದವಳಲ್ಲ. ಹುಣಸೂರಿನ ಗೊಬ್ಬರದಂಗಡಿಯ ಮಹಡಿಯ ಮೇಲೆ ಭಾನುವಾರಗಳಲ್ಲಿ ನಡೆಯುತ್ತಿದ್ದ ಕೋಚಿಂಗ್ ತರಗತಿಯಲ್ಲಿ ಸಿಕ್ಕಿದವಳು. ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಅಲ್ಲಿ ತರಬೇತಿ ಕೊಡುತ್ತಿದ್ದರು. ನಾನು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಯುವವರ ಮನೆಯ ಹುಡುಗಿ, ಡಿಗ್ರಿ ಮುಗಿಸಿ ಆಗಷ್ಟೇ ಬಂದಿದ್ದೆ. ಆಕೆ ಎಚ್.ಡಿ. ಕೋಟೆ ಕಡೆಯ ಶುಂಠಿ ಬೆಳೆಯುವವರ ಮನೆಯ ಸೊಸೆ, ಶಾಲೆಗೆ ಹೋಗುವ ಮಗಳ ತಾಯಿ. ಬಿ.ಕಾಂ. ಮುಗಿದ ತಿಂಗಳೇ ಮದುವೆಯಾಗಿ, ಅಷ್ಟು ವರ್ಷಗಳ ಮೇಲೆ ಮತ್ತೆ ಪುಸ್ತಕ ಹಿಡಿದಿದ್ದಳು. ಹಿಂದಿನ ಬೆಂಚಿನ ಹುಡುಗರು ಅವಳನ್ನು ಆಂಟಿ ಎಂದು ಕರೆದು ಕಿಸಕ್ಕನೆ ನಗುತ್ತಿದ್ದರು. ನನಗೆ ಆ ಮಾತು ಹಿಡಿಸಲಿಲ್ಲ. ಮೊದಲ ದಿನವೇ ಅಕ್ಕ ಎಂದೆ. ಅದೇ ಉಳಿಯಿತು.

ನನಗೆ ಬಾಯಿಪಾಠ ಎಂದರೆ ನೀರು ಕುಡಿದಂತೆ. ಆದರೆ ಆ ಪರೀಕ್ಷೆಯಲ್ಲಿ ಬಾಯಿಪಾಠಕ್ಕೆ ಜಾಗವೇ ಇರಲಿಲ್ಲ. ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಮಂದಿ ದುಂಡು ಮೇಜಿನ ಸುತ್ತ ಕುಳಿತಿದ್ದಾರೆ. ಎ ಎನ್ನುವವನು ಸಿ ಪಕ್ಕದಲ್ಲಿಲ್ಲ. ಬಿ ಎನ್ನುವವಳ ಎದುರಿಗೆ ಡಿ. ಹಾಗಾದರೆ ಇ ಎನ್ನುವವನ ಎಡಗಡೆ ಯಾರು? ಇಂಥದ್ದನ್ನು ಓದಿದ ಕೂಡಲೇ ನನ್ನ ತಲೆಯೊಳಗೆ ಕತ್ತಲು ಕವಿಯುತ್ತಿತ್ತು. ಒಂದು ಭಾನುವಾರ ಬರೆದದ್ದನ್ನೆಲ್ಲ ಹೊಡೆದುಹಾಕುತ್ತ, ಅಳು ನುಂಗುತ್ತ ಕುಳಿತಿದ್ದೆ. ಅಕ್ಕ ನನ್ನ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಈ ಎ, ಬಿ, ಸಿ ಯಾರು ಅಂತ ನಿಂಗೆ ಗೊತ್ತೇನೆ?"

"ಇಲ್ಲ."

"ಮತ್ತೆ? ಗುರ್ತೇ ಇಲ್ದೋರ್ನ ಎಲ್ಲಿ ಅಂತ ಕೂರುಸ್ತೀಯ? ನಿಮ್ಮೋರ್ನ ಕೂರ್ಸು."

ಹಾಳೆಯ ಮೇಲೆ ದುಂಡಗೆ ಒಂದು ಗೆರೆ ಎಳೆದಳು. ಎ ಎಂದರೆ ನಮ್ಮ ದೊಡ್ಡಪ್ಪ, ಬಿ ಎಂದರೆ ಸೋದರತ್ತೆ. ಸಿ ಎಂದರೆ ಆಸ್ತಿ ಜಗಳದಿಂದ ದೊಡ್ಡಪ್ಪನ ಜೊತೆ ಮಾತು ಬಿಟ್ಟ ಚಿಕ್ಕಪ್ಪ. ಅವರಿಬ್ಬರನ್ನು ಅಕ್ಕಪಕ್ಕ ಕೂರಿಸುವಂತಿಲ್ಲ ಎನ್ನುವುದನ್ನು ಯಾರಾದರೂ ನನಗೆ ನೆನಪಿಸಬೇಕೆ? ನಾನು ಎಡ ಬಲ ತಪ್ಪಿದಾಗೆಲ್ಲ ಅಕ್ಕ ಮಾತನ್ನು ಮದುವೆಮನೆಯ ಊಟಕ್ಕೆ ಒಯ್ಯುತ್ತಿದ್ದಳು. "ಎದುರು ಪಂಕ್ತಿಲಿ ಕೂತೋರ ಎಡಗೈ ನಿನ್ ಬಲಗೈ ಕಡೀಕೆ ಬತ್ತದೆ. ನೀನು ಎಲೆ ಮುಂದೆ ಕೂತ್ಕೊಂಡು ನೋಡು, ಬಡ್ಸೋಳಂಗೆ ನಿಂತ್ಕೊಂಡು ನೋಡ್ಬ್ಯಾಡ." ಕಣ್ಣು ಮುಚ್ಚಿ ನಮ್ಮ ಬಂಧುಬಳಗವನ್ನೆಲ್ಲ ಎಲೆಯ ಮುಂದೆ ಕೂರಿಸಿದೆ. ಉತ್ತರ ಬಂತು. ಆವತ್ತು ಪಿರಿಯಾಪಟ್ಟಣದ ಬಸ್ಸಿನಲ್ಲಿ ನಿಂತೇ ಬಂದೆ, ಆದರೂ ಕಾಲು ನೋವೇ ಗೊತ್ತಾಗಲಿಲ್ಲ.

ಇಷ್ಟು ಹೇಳಿಕೊಡುವ ಅಕ್ಕನಿಗೂ ಒಂದು ತೊಡಕಿತ್ತು. ಅಂಕಿಅಂಶಗಳ ಪಟ್ಟಿ, ನಕ್ಷೆ ಕೊಟ್ಟು ಕೇಳುವ ಪ್ರಶ್ನೆಗಳಲ್ಲಿ ಆಕೆ ದಾರಿ ತಪ್ಪುತ್ತಿದ್ದಳು. ಯಾವುದೋ ಜಿಲ್ಲೆಯಲ್ಲಿ ಹತ್ತಿ ಬೆಳೆ ಒಂದು ವರ್ಷ ಧಡಕ್ಕನೆ ಇಳಿದಿದೆ ಎಂದಿಟ್ಟುಕೊಳ್ಳಿ. ಎಷ್ಟು ಶೇಕಡಾ ಇಳಿದಿದೆ ಎಂದಷ್ಟೇ ಪ್ರಶ್ನೆ. ಅಕ್ಕ ಪೆನ್ನನ್ನು ಗಲ್ಲಕ್ಕೆ ಒತ್ತಿಕೊಂಡು, "ಯಾಕ್ ಬಿತ್ತು ಇದು? ಹುಳ ಬಿತ್ತಾ? ಎಲ್ರೂ ಶುಂಠಿ ಹಾಕ್ಬುಟ್ರಾ?" ಎಂದು ಯೋಚಿಸುತ್ತ ಕುಳಿತುಬಿಡುತ್ತಿದ್ದಳು. ಅಷ್ಟರಲ್ಲಿ ಸಮಯ ಮುಗಿಯುತ್ತಿತ್ತು. ಯಾಕೆ ಎಂದು ಅವರು ಕೇಳಿಲ್ಲ, ಎಷ್ಟು ಎಂದು ಮಾತ್ರ ಕೇಳಿದ್ದಾರೆ ಎಂದು ನೆನಪಿಸುವುದು ನನ್ನ ಕೆಲಸ. ಹೀಗೆ ಅವಳ ಕುಂದನ್ನು ನಾನು, ನನ್ನ ಕುಂದನ್ನು ಅವಳು ತುಂಬುತ್ತ ಆ ಬೇಸಿಗೆ ಕಳೆಯಿತು.

ಒಂದು ದಿನ ಸಂಬಂಧಗಳ ಪ್ರಶ್ನೆ ಬಂತು. ಮೈಸೂರಿನಿಂದ ಬರುತ್ತಿದ್ದ ನಮ್ಮ ಮೇಷ್ಟ್ರು, ಇನ್ನೂ ಮೀಸೆ ಸರಿಯಾಗಿ ದಟ್ಟವಾಗದ ತರುಣ, ಬೋರ್ಡಿನ ಮೇಲೆ ಬರೆದರು. ಒಬ್ಬ ಗಂಡಸನ್ನು ತೋರಿಸಿ ಒಬ್ಬಳು ಹೇಳುತ್ತಾಳೆ: ಇವರ ತಾಯಿಯ ಒಬ್ಬಳೇ ಮಗಳು ನನ್ನ ತಾಯಿ. ಹಾಗಾದರೆ ಆತ ಅವಳಿಗೆ ಏನಾಗಬೇಕು? ಕೆಳಗೆ ನಾಲ್ಕು ಉತ್ತರ: ತಂದೆ, ಅಣ್ಣ, ಸೋದರಮಾವ, ಗಂಡ.

ಎಲ್ಲರೂ ಸೋದರಮಾವ ಎಂದೆವು. ಅಕ್ಕ ಕೈ ಎತ್ತಿದಳು.

"ಗಂಡನೂ ಆಗ್ಬೋದಲ್ವಾ ಸರ್?"

ಹಿಂದಿನ ಬೆಂಚು ಗೊಳ್ಳೆಂದಿತು. ಮೇಷ್ಟ್ರು ಅದು ಹೇಗೆ ಎಂದು ಕೇಳಿದರು. ಅಕ್ಕ ಎದ್ದು ನಿಂತು, ಸ್ವಲ್ಪವೂ ನಾಚದೆ, "ನಾನು ನಮ್ಮ ಸೋದರಮಾವನ್ನೇ ಮದ್ವೆ ಆಗಿರೋದು ಸರ್. ನಮ್ಮನೇಲಿ ಎರಡೂ ಸರಿ," ಎಂದಳು.

ಮೇಷ್ಟ್ರು ಬೋರ್ಡನ್ನು ಮತ್ತೊಮ್ಮೆ ಓದಿಕೊಂಡರು. ಆಮೇಲೆ ಅವರೂ ನಕ್ಕರು. "ನೀವು ಹೇಳಿದ್ದು ಸರಿ ಮೇಡಂ. ಆದರೆ ಪ್ರಶ್ನೆಪತ್ರಿಕೆ ಮಾಡಿದವರು ನಿಮ್ಮ ಮನೆಗೆ ಬಂದಿಲ್ಲವಲ್ಲ. ಪರೀಕ್ಷೆಯ ದಿನ ಮನೆಯನ್ನು ಹೊರಗೆ ಬಿಟ್ಟು ಒಳಗೆ ಹೋಗಿ."

ಆಕೆ ಕುಳಿತು, ನನ್ನ ಕಿವಿಯ ಹತ್ತಿರ ಬಂದು, "ಅದೇ ಆಗಲ್ವಲ್ಲೇ," ಎಂದಳು. ತಮಾಷೆಗೆ ಅಂದಳು ಎಂದುಕೊಂಡೆ. ಅದು ತಮಾಷೆಯಲ್ಲ ಎಂದು ತಿಳಿದದ್ದು ಪರೀಕ್ಷೆಗೆ ಕೆಲವು ದಿನ ಇರುವಾಗ, ಒಟ್ಟಿಗೆ ಓದೋಣ ಬಾ ಎಂದು ಆಕೆ ತನ್ನ ಮನೆಗೆ ಕರೆದುಕೊಂಡು ಹೋದಾಗ.

ಅವಳ ಅತ್ತೆ ನನ್ನನ್ನು ನೋಡಿ ತಮ್ಮ ಪರಿಚಯ ಮಾಡಿಕೊಂಡ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಇವ್ಳು ನನ್ ಸೊಸೆ. ನನ್ ಮಗಳ ಮಗ್ಳೂವೆ. ಸೊಸೆ ಅಂತ ಬೈಯಕ್ಕೋದ್ರೆ ಮೊಮ್ಮಗ್ಳು ಅಂತ ಕರ್ಳು ಚುರ್ ಅಂತದೆ ಕಣವ್ವ." ಅಕ್ಕ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು, ಗಂಡನನ್ನು ಮಾವ ಎಂದು. ಆ ಮಾವ ಮಾತು ಕಡಿಮೆಯ ಮನುಷ್ಯ. ಓದುತ್ತೇನೆ ಎಂದು ಹೆಂಡತಿ ಕೇಳಿದಾಗ ಇಡೀ ದಿನ ಯೋಚಿಸಿ, "ಒಂದ್ ಸಲ ಬರ್ದು ನೋಡು. ಆಗ್ನಿಲ್ಲ ಅಂದ್ರೆ ಬುಟ್ಬುಡು," ಎಂದಿದ್ದರಂತೆ. ಒಂದೇ ಸಲ. ಆ ಮಾತಿನ ಭಾರ ಅಕ್ಕನ ಮುಖದಲ್ಲಿ ಪರೀಕ್ಷೆ ಹತ್ತಿರವಾದಷ್ಟೂ ಕಾಣುತ್ತಿತ್ತು.

ನಾವು ಪಡಸಾಲೆಯಲ್ಲಿ ಹಾಳೆ ಹರಡಿಕೊಂಡು ಕುಳಿತಿದ್ದೆವು. ಮಧ್ಯಾಹ್ನದ ಬಸ್ಸಿಗೆ ವೀರನಹೊಸಹಳ್ಳಿ ಕಡೆಯಿಂದ ಅಕ್ಕನ ತಾಯಿ ಬಂದರು. ಕೈಕಾಲು ತೊಳೆಯುವ ಮೊದಲೇ ಶುರುವಾಯಿತು.

"ಮಗೀನ ಇಸ್ಕೂಲಿಗೆ ಕಳ್ಸೋ ವಯ್ಸಲ್ಲಿ ಇವಳೇ ಬ್ಯಾಗ್ ತಗಲಾಕ್ಕೊಂಡು ಓಯ್ತಾವ್ಳೆ. ನಾಳೆ ಫೇಲಾದ್ರೆ ನಗೋರ್ಗೆ ಮಕ ಕೊಡೋಳು ನಾನು. ಅವ್ವ, ನೀನಾದ್ರೂ ಬುದ್ಧಿ ಏಳ್ಬಾರ್ದಾ?"

ಮಾವ ಮೆಲ್ಲನೆ ಎದ್ದು, ಶುಂಠಿಗೆ ನೀರು ತಿರುಗಿಸಬೇಕು ಎಂದು ಹೊರಗೆ ಜಾರಿಕೊಂಡರು. ಅಕ್ಕ ತಲೆ ತಗ್ಗಿಸಿ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಎತ್ತಿಡತೊಡಗಿದಳು. ಓದುವುದು ಇಲ್ಲಿಗೆ ಮುಗಿಯಿತು ಎಂದೇ ನನಗೆ ಅನ್ನಿಸಿತು.

ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು ಮಗಳ ಎದುರಿಗೆ ಕುಳಿತರು. ಅವರ ದನಿ ಏರಲಿಲ್ಲ.

"ನಿನ್ನ ನಾಕ್ನೇ ಕ್ಲಾಸ್ಗೆ ಬಿಡಿಸ್ದೆ. ತಮ್ಮನ್ನ ಎತ್ಕೊಳ್ಳೋರು ಬೇಕು ಅಂತ. ಈಗ್ಲೂ ಬಸ್ ಬೋರ್ಡ್ ಓದಕ್ಕಾಗ್ದೆ ಇನ್ಯಾರನ್ನೋ ಕೇಳ್ವಾಗೆಲ್ಲ ನನ್ನ ಬೈಕೋತೀಯ. ಬೈಕೋ, ಬ್ಯಾಡ ಅನ್ನಕಿಲ್ಲ. ಆದ್ರೆ ಇವ್ಳ ಕೈಲೂ ಬೈಸ್ಕೊಂಡು ಸಾಯಕ್ಕೆ ನನ್ ಕೈಲಾಗಕಿಲ್ಲ ಕಣೆ ಮಗ."

ಆ ತಾಯಿ ಓದು ಬಿಟ್ಟು ಸೊಂಟದ ಮೇಲೆ ಎತ್ತಿ ಆಡಿಸಿದ ತಮ್ಮನೇ ಅಕ್ಕನ ಗಂಡ, ಈಗ ತಾನೇ ನೀರು ತಿರುಗಿಸುವ ನೆಪದಲ್ಲಿ ಹೊರಗೆ ಹೋದವರು. ತಾಯಿ ಬಹಳ ಹೊತ್ತು ಬಾಗಿಲ ಕಡೆ ನೋಡುತ್ತ ಕುಳಿತರು… ಆಮೇಲೆ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗು ಬಂತು: "ಆ ಹಾಳೆ ಯಾಕ್ ಎತ್ತಿಟ್ರಿ? ಓದ್ಕಳಿ. ರೊಟ್ಟಿ ನಾನ್ ತಟ್ತೀನಿ."

ಅಕ್ಕ ಹಾಳೆಗಳನ್ನು ಮತ್ತೆ ಹರಡಿದಳು. ಮೊದಲ ಲೆಕ್ಕವನ್ನು ತಪ್ಪು ಮಾಡಿದಳು, ಎರಡನೆಯದನ್ನೂ ತಪ್ಪು ಮಾಡಿದಳು. ಕಣ್ಣಲ್ಲಿ ನೀರಿದ್ದರೆ ಅಕ್ಷರ ಹೇಗೆ ಕಾಣಬೇಕು? ನಾನು ಅವಳ ಪಕ್ಕಕ್ಕೆ ಸರಿದು ಕುಳಿತೆ. ಬಿಸಿ ಅಕ್ಕಿರೊಟ್ಟಿ ಬಂದ ಮೇಲೆ ಇಬ್ಬರೂ ಸುಧಾರಿಸಿಕೊಂಡೆವು. ಆ ರೊಟ್ಟಿಯನ್ನು ತುಂಡು ಮಾಡುತ್ತ ಶೇಕಡಾವಾರು ಹೇಳಿ ತಿಂದದ್ದೂ ನೆನಪಿದೆ. ಯಾರ ಪಾಲಿಗೆ ಎಷ್ಟು ಶೇಕಡಾ ಎಂದು ಅಕ್ಕನ ಮಗಳಿಗೂ ನಮಗೂ ಜಗಳವೇ ಆಯಿತು.

ಪರೀಕ್ಷೆಯ ಹಿಂದಿನ ರಾತ್ರಿ ನಾನು ಅಕ್ಕನ ಮನೆಯಲ್ಲೇ ಉಳಿದಿದ್ದೆ. ಬೆಳಿಗ್ಗೆ ಮಾವ ನಮ್ಮಿಬ್ಬರನ್ನೂ ಹ್ಯಾಂಡ್‌ಪೋಸ್ಟಿಗೆ ತಂದು ಬಿಟ್ಟರು. ನಮಗಿಂತ ಮೊದಲೇ ಅಕ್ಕನ ತಾಯಿ ಅಲ್ಲಿ ಬಂದು ನಿಂತಿದ್ದರು. ಬೆಳಗಿನ ಬಸ್ಸು ಸಿಗದೇ ಹೋದೀತೆಂದು ಹಿಂದಿನ ದಿನವೇ ಅಲ್ಲಿನ ನೆಂಟರ ಮನೆಗೆ ಬಂದು ಉಳಿದಿದ್ದರಂತೆ. ಮೊಸರನ್ನದ ಡಬ್ಬಿಯನ್ನು ಮಗಳ ಕೈಗಿತ್ತರು. ಮೈಸೂರಿನ ಬಸ್ಸು ಬಂದಾಗ, "ಬೋರ್ಡ್ ಸರ್ಯಾಗ್ ಓದ್ಕೊಂಡು ಬಸ್ ಅತ್ಕಳ್ರವ್ವ," ಎಂದರು. ಅಕ್ಕ ಬಸ್ಸಿನ ಹಣೆಯ ಮೇಲಿದ್ದ ಊರುಗಳ ಹೆಸರನ್ನೆಲ್ಲ ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿಯೇ ಹತ್ತಿದಳು.

ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ನನಗೆ ಮೊದಲು ಕಂಡದ್ದು ಅವಳ ನಗು. ಮರದ ನೆರಳಲ್ಲಿ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದಳು.

"ಬಂದಿತ್ತು ಕಣೇ! ನಮ್ಮನೆ ಪ್ರಶ್ನೆ. ಸೋದರಮಾವ ಅಂತ್ಲೂ ಇತ್ತು, ಗಂಡ ಅಂತ್ಲೂ ಇತ್ತು."

"ಯಾವುದಕ್ಕೆ ಗುರುತು ಹಾಕಿದೆ ಅಕ್ಕ?"

"ಸೋದರಮಾವಂಗೇ ಆಕ್ದೆ. ಮನಸ್ನಲ್ಲೇ ಮಾವಂಗೆ ಸಾರಿ ಅಂದೆ. ಇನ್ನೇನ್ ಮಾಡ್ಲಿ, ಎರಡಕ್ಕೂ ಗುರ್ತಾಕಿದ್ರೆ ಮಾರ್ಕ್ಸ್ ಕೊಡಾಕಿಲ್ವಲ್ಲ!"

ಮೊಸರನ್ನ ನೆತ್ತಿಗೆ ಹತ್ತುವಷ್ಟು ನಕ್ಕೆವು. ಅಷ್ಟು ಹಗುರವಾಗಿ ಆಮೇಲೆ ಎಷ್ಟು ಸಲ ನಕ್ಕಿದ್ದೇನೋ ನೆನಪಿಲ್ಲ…

ಇಬ್ಬರಿಗೂ ಸೀಟು ಸಿಕ್ಕಿತು. ಅವಳ ರ‍್ಯಾಂಕು ನನ್ನದಕ್ಕಿಂತ ಬಹಳ ಮುಂದಿತ್ತು. ಕಾಲೇಜುಗಳು ಬೇರೆಯಾದವು. ಅವಳು ದಿನವೂ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬಂದು ಓದಿ ಮುಗಿಸಿದಳು. ಆಮೇಲೆ ತಮ್ಮ ಕಡೆಯದೇ ರೈತರೇ ಸೇರಿ ಕಟ್ಟಿದ ಒಂದು ಕಂಪನಿಯಲ್ಲಿ ಮ್ಯಾನೇಜರ್ ಆದಳು. ಬೆಳೆ ಯಾಕೆ ಬಿತ್ತು ಎಂದು ಕೇಳುವುದೇ ಅಲ್ಲಿ ಅವಳ ಕೆಲಸ. ಮನಸ್ಸಿಗೆ ಬಂದಷ್ಟು ಹೊತ್ತು ಕೇಳಬಹುದು, ಯಾರೂ ಗಂಟೆ ಹೊಡೆಯುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳಿಗೆ ತರ್ಕದ ಲೆಕ್ಕಗಳನ್ನು ಕಲಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಒಳ್ಳೆಯದೊಂದು ಲೆಕ್ಕ ಸಿಕ್ಕಿದ ದಿನ ಅಕ್ಕನಿಗೆ ಫೋನು ಮಾಡುತ್ತಿದ್ದೆ. ಆಕೆ ಮೀಟಿಂಗಿನಲ್ಲಿದ್ದರೂ ಸರಿ, "ತಡಿ ತಡಿ, ಉತ್ರ ಏಳ್ಬ್ಯಾಡ," ಎಂದು ಇಟ್ಟುಬಿಟ್ಟು, ಸಂಜೆಯೊಳಗೆ ಉತ್ತರದ ಜೊತೆಗೆ ತಿರುಗಿ ಮಾಡುತ್ತಿದ್ದಳು.

ಎರಡು ಮಳೆಗಾಲದ ಹಿಂದೆ ಆಕೆಗೆ ಕಾಯಿಲೆ ಕಾಣಿಸಿಕೊಂಡಿತು. ಹೆಚ್ಚು ದಿನ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಅವಳ ಕೈ ಹಿಡಿದುಕೊಂಡು ಕುಳಿತಿದ್ದೆ. ಮಗಳು ಕಾಲೇಜಿಗೆ ಸೇರಿದ್ದನ್ನೇ ಮತ್ತೆ ಮತ್ತೆ ಹೇಳಿದಳು. ತನ್ನ ಕಾಯಿಲೆಯ ಮಾತನ್ನು ಎತ್ತಲೇ ಇಲ್ಲ.

ಹೋದ ವಾರ ನಾನು ಹ್ಯಾಂಡ್‌ಪೋಸ್ಟಿನಲ್ಲಿ ಇಳಿದದ್ದು ಎಚ್.ಡಿ. ಕೋಟೆಯ ಕಾಲೇಜೊಂದರಲ್ಲಿ ಪರೀಕ್ಷೆಯ ಅಭ್ಯಾಸ ಮಾಡಿಸಲು. ತರಗತಿಯಲ್ಲಿ ಒಬ್ಬ ಹುಡುಗಿ ಕಠಿಣವಾದ ಲೆಕ್ಕವೊಂದನ್ನು ಹಾಳೆಯನ್ನೇ ಮುಟ್ಟದೆ, ಕಿಟಕಿಯಾಚೆ ನೋಡುತ್ತಲೇ ಬಿಡಿಸಿಬಿಟ್ಟಳು. ಅವಳು ಹಿಡಿದ ದಾರಿ ನನಗೂ ಹೊಳೆದಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕುಳಿತ ಕೂಡಲೇ ಕೈ ತಾನಾಗಿ ಫೋನಿಗೆ ಹೋಯಿತು. ಅಕ್ಕನ ನಂಬರನ್ನು ಒತ್ತಿದ ಮೇಲೆಯೇ ಗೊತ್ತಾದದ್ದು. ಇಡೋಣ ಎನ್ನುವಷ್ಟರಲ್ಲಿ ಆ ಕಡೆಯಿಂದ ಮಾವನ ದನಿ ಬಂತು. ಆ ಫೋನನ್ನು ಈಗ ಅವರೇ ಇಟ್ಟುಕೊಂಡಿದ್ದಾರೆ.

ಸುಮ್ಮನೆ ಮಾಡಿದೆ ಎನ್ನಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಹೀಗೊಂದು ಲೆಕ್ಕ ಕೊಟ್ಟೆ, ಒಂದು ಹುಡುಗಿ ಹೀಗೆ ಬಿಡಿಸಿದಳು, ಅಕ್ಕನಿಗೆ ಹೇಳಬೇಕು ಅನ್ನಿಸಿತು.

"ನಂಗೆ ಅದೆಲ್ಲ ತಿಳಿಯಾಕಿಲ್ಲ ಕಣವ್ವ," ಎಂದರು. ಹಾಗೆಂದವರೇ, "ಆದ್ರೂ ಏಳು. ಕೇಳ್ತೀನಿ," ಎಂದರು.

ಹೇಳಿದೆ. ಎಲ್ಲಿಯೂ ತಡೆಯದೆ ಪೂರ್ತಿ ಕೇಳಿಸಿಕೊಂಡರು.

"ಅವ್ಳಿದ್ದಿದ್ರೆ ಈಟೊತ್ಗೆ ಇನ್ನೊಂದ್ ಲೆಕ್ಕ ಕೇಳಿರೋಳು," ಎಂದರು.

ಹೌದು ಎಂದೆ. ಬಸ್ಸು ಹೊರಟಿತು. ಇಬ್ಬರೂ ಸ್ವಲ್ಪ ದೂರದವರೆಗೆ ಫೋನು ಇಡಲಿಲ್ಲ…