ಒಣದ್ರಾಕ್ಷಿ ಪರೀಕ್ಷೆ

ಕಳೆದ ವಾರ ರಸೆಲ್ ಮಾರುಕಟ್ಟೆಯಲ್ಲಿ ಒಣಹಣ್ಣಿನ ಅಂಗಡಿಯವರು, ರುಚಿ ನೋಡಿ ಎಂದು ನನ್ನ ಅಂಗೈ ಮೇಲೆ ಒಂದೇ ಒಂದು ಒಣದ್ರಾಕ್ಷಿ ಇಟ್ಟರು. ಬಾಯಿಗೆ ಹಾಕಿಕೊಳ್ಳುವ ಬದಲು ನಾನು ಅದನ್ನು ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಿಂದ ಮೆಲ್ಲಗೆ ಹೆಕ್ಕಿ, ಮುಖದ ಮುಂದೆ ಹಿಡಿದುಕೊಂಡು ನಿಂತುಬಿಟ್ಟೆ. ಅಂಗಡಿಯವರು ಹುಳ ಸಿಕ್ಕಿತೇನೋ ಎಂದು ಗಾಬರಿಯಾದರು. ಪಕ್ಕದಲ್ಲಿದ್ದ ನನ್ನ ಮಗಳು ಮಾತ್ರ ನಕ್ಕಳು.

"ತಿನ್ನಪ್ಪ. ಆ ಪರೀಕ್ಷೆ ಮುಗಿದು ಇಪ್ಪತ್ತೈದು ವರ್ಷ ಆಯ್ತು."

ಆಯಿತು, ನಿಜ. ಆದರೆ ಆ ಪರೀಕ್ಷೆಯಲ್ಲಿ ಪಾಸಾದವಳು ಅವಳು. ಫೇಲಾದವನು ನಾನು. ಫೇಲಾದವರಿಗೆ ಪರೀಕ್ಷೆ ಅಷ್ಟು ಬೇಗ ಮುಗಿಯುವುದಿಲ್ಲ.

ಪರೀಕ್ಷೆ ಮಾಡಿದವರು ಒಬ್ಬ ನರ್ಸ್. ಕಂಟೋನ್ಮೆಂಟಿನ ಹಳೆಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡು ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಅವರು ಸಿಸ್ಟರ್, ನಮಗೂ ಸಿಸ್ಟರ್. ಕುಳ್ಳಗೆ, ದುಂಡಗೆ, ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳಿನವರು. ಕನ್ನಡವನ್ನು ಅರಳು ಹುರಿದಂತೆ ಆಡುತ್ತಿದ್ದರು. ಸಿಟ್ಟು ಬಂದರೆ ಮಾತ್ರ ತಮಿಳು ನುಗ್ಗುತ್ತಿತ್ತು, ಹಾಗಾಗಿ ನನ್ನ ತಮಿಳು ಅವರಿಂದಲೇ ಸುಧಾರಿಸಿತು.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಹೆಂಡತಿಗೆ ಏಳನೆಯ ತಿಂಗಳಲ್ಲಿ ಬಿ.ಪಿ. ಏರಿ, ಮಗಳು ಎರಡು ತಿಂಗಳು ಮುಂಚಿತವಾಗಿಯೇ ಹುಟ್ಟಿಬಿಟ್ಟಳು. ತೂಕ ಒಂದು ಕೆಜಿ ನಾನೂರು ಗ್ರಾಂ. ನಾನಾಗ ವಿಮೆ ಕಚೇರಿಯೊಂದರಲ್ಲಿ ಗುಮಾಸ್ತ. ಆಗಬಾರದ್ದು ಆಗಿಬಿಟ್ಟರೆ ಏನು ಗತಿ ಎಂದು ಯೋಚಿಸುವುದೇ ನನ್ನ ಕೆಲಸ. ಅದನ್ನು ಕಚೇರಿ ಮುಗಿದ ಮೇಲೂ ಮುಂದುವರಿಸುವುದು ನನ್ನ ಸ್ವಭಾವ. ಇಂಥವನ ಕೈಗೆ ದೇವರು ಇಂಥ ಮಗುವನ್ನು ಕೊಟ್ಟ... ಅವನಿಗೂ ತಮಾಷೆ ಬೇಕಿತ್ತೇನೋ.

ಹೆಂಡತಿ ಇನ್ನೂ ಬೇರೆ ವಾರ್ಡಿನಲ್ಲಿ ಮಲಗಿದ್ದಳು. ಮಗು ಗಾಜಿನ ಪೆಟ್ಟಿಗೆಯಿಂದ ಹೊರಬಂದ ದಿನ ಮಧ್ಯಾಹ್ನ ಸಿಸ್ಟರ್ ನನ್ನನ್ನು ಒಳಗೆ ಕರೆದು, "ಶರ್ಟ್ ಬಿಚ್ಚಿ ಸಾರ್" ಎಂದರು. ನನಗೇ ಏನೋ ಕಾಯಿಲೆ ಪತ್ತೆಯಾಗಿದೆ ಎಂದುಕೊಂಡೆ. ಅವರು ಮಗುವಿನ ಬಟ್ಟೆ ತೆಗೆದು, ತಲೆಗೆ ಟೋಪಿ ಹಾಕಿ, ನನ್ನ ಬರಿ ಎದೆಯ ಮೇಲೆ ಮರಿಗಪ್ಪೆಯ ಹಾಗೆ ಅಂಟಿಸಿದರು. ಮೇಲಿನಿಂದ ನನ್ನ ಹೆಂಡತಿಯ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಬಿಗಿಯಾಗಿ ಸುತ್ತಿ ಕಟ್ಟಿದರು.

"ಅವರಮ್ಮ ಎದ್ದು ಬರೋವರೆಗೂ ನೀವೇ ಇವಳ ಪೆಟ್ಟಿಗೆ. ನಿಮ್ಮ ಮೈಬಿಸಿ ಸಾಕು ಇವಳಿಗೆ."

"ನನ್ನ ಎದೆ ತುಂಬ ಜೋರಾಗಿ ಬಡ್ಕೊಳ್ತಿದೆ ಸಿಸ್ಟರ್. ಪಾಪುಗೆ ತೊಂದ್ರೆ ಆಗಲ್ವಾ?"

"ಅವಳಿಗೆ ಅದೇ ಲಾಲಿ. ನೀವು ಮೊದ್ಲು ಉಸಿರಾಡಿ. ಇಲ್ಲಾಂದ್ರೆ ನಿಮಗೂ ಒಂದು ಬೆಡ್ ಹಾಕ್ಬೇಕಾಗುತ್ತೆ."

ಹತ್ತೊಂಬತ್ತು ದಿನ ಆ ಮರದ ಕುರ್ಚಿಯ ಮೇಲೆ ಕೂತೆ. ಸಿಸ್ಟರ್ ಬಂದು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಹಾಲು ಕುಡಿಸುತ್ತಿದ್ದರು. ಪ್ರತಿ ಗುಟುಕಿಗೂ ಕಾಯುತ್ತಿದ್ದರು, ಅವಸರವೆಂಬುದೇ ಇಲ್ಲ. "ಇಳಿಸ್ಬೇಡಿ, ಎತ್ಕೊಂಡೇ ಇರಿ" ಎಂದು ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಹೇಳುತ್ತಿದ್ದರು. ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವವನು ನಾನು. ಅಲ್ಲೇ ಎಡವಟ್ಟಾದದ್ದು.

ಮಗು ಮನೆಗೆ ಬಂತು. ಜೀವನ್ ಬಿಮಾ ನಗರದಲ್ಲಿ ಬಾಡಿಗೆಗಿದ್ದ ಮಹಡಿ ಮನೆ ನಮ್ಮದು. ಆಗಿನ್ನೂ ವಿಮಾನ ನಿಲ್ದಾಣ ಪಕ್ಕದಲ್ಲೇ ಇತ್ತು, ವಿಮಾನಗಳು ನಮ್ಮ ತಾರಸಿಯ ಬಟ್ಟೆ ಹಗ್ಗಕ್ಕೆ ತಗುಲುವಷ್ಟು ತಗ್ಗಿನಲ್ಲಿ ಇಳಿಯುತ್ತಿದ್ದವು. ಈ ಸದ್ದಿಗೆ ಮಗುವಿನ ಕಿವಿ ಹಾಳಾಗುವುದಿಲ್ಲವೇ ಎಂದು ಸಿಸ್ಟರ್ ಹತ್ತಿರ ಅಲವತ್ತುಕೊಂಡೆ. "ವಿಮಾನ ಬಂದಾಗ ಬೆಚ್ಚಿ ಬೀಳ್ತಾಳಾ?" ಎಂದು ಕೇಳಿದರು. ಹೌದು ಎಂದೆ. "ಒಳ್ಳೇದೇ ಆಯ್ತಲ್ಲ ಸಾರ್, ದಿನಾ ಮನೇಲೇ ಕಿವಿ ಟೆಸ್ಟ್!"

ಹೀಗೆ ಮುಂಚೆ ಹುಟ್ಟಿದ ಮಕ್ಕಳ ಬೆಳವಣಿಗೆ ನೋಡಲು ಅವರು ಶನಿವಾರ ಬೆಳಿಗ್ಗೆ ಒಂದು ಕ್ಲಿನಿಕ್ ನಡೆಸುತ್ತಿದ್ದರು. ಉದ್ದ ಕಾರಿಡಾರು, ಗೋಡೆಗೊಂದು ಮರದ ಬೆಂಚು, ಬೆಂಚಿನ ತುಂಬ ಶಿವಾಜಿನಗರ, ಲಿಂಗರಾಜಪುರದ ಕಡೆಯ ತಾಯಂದಿರು. ಗಂಡಸು ನಾನೊಬ್ಬನೇ. ಸಿಸ್ಟರ್ ಬಳಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಬಣ್ಣ ಮಾಸಿದ ಕೆಂಪು ಉಲ್ಲನ್ನಿನ ಚೆಂಡು, ಒಂದು ಪುಟ್ಟ ಗಂಟೆ, ಕೆಲವು ಮರದ ತುಂಡುಗಳು, ಒಂದಿಷ್ಟು ಒಣದ್ರಾಕ್ಷಿ. ಚೆಂಡು ಆಡಿಸಿದರೆ ಕಣ್ಣು ಹಿಂಬಾಲಿಸಬೇಕು. ಗಂಟೆ ಬಾರಿಸಿದರೆ ತಲೆ ತಿರುಗಬೇಕು. ಮೇಜಿನ ಮೇಲಿಟ್ಟ ದ್ರಾಕ್ಷಿಯನ್ನು ಇಡೀ ಅಂಗೈಯಿಂದ ಬಾಚುವುದಲ್ಲ, ಎರಡೇ ಬೆರಳ ತುದಿಯಲ್ಲಿ ಹೆಕ್ಕಬೇಕು. ಹಾಗೆ ಮಾಡಿದರೆ ಬೆಳವಣಿಗೆಯ ಕಾರ್ಡಿನಲ್ಲಿ ಕೆಂಪು ಶಾಯಿಯ ಟಿಕ್.

ನನ್ನ ಕಷ್ಟವೆಂದರೆ, ಕೆಳಗಿನ ಮನೆಯ ಓನರಮ್ಮನ ಮೊಮ್ಮಗ ನಮ್ಮ ಮಗಳು ಹುಟ್ಟಿದ ವಾರವೇ ಹುಟ್ಟಿದ್ದ. ಅವನು ಮಗುಚಿದ, ಇವಳು ಮಗುಚಲಿಲ್ಲ. ಅವನು ಕೂತ, ಇವಳು ದಿಂಬಿಗೊರಗಿದಳು. ಓನರಮ್ಮ ದಿನಕ್ಕೊಮ್ಮೆ ಮೆಟ್ಟಿಲ ಕೆಳಗಿನಿಂದ, "ಏನ್ರೀ, ನಿಮ್ಮದಿನ್ನೂ ಕೂರ್ಲಿಲ್ವಾ?" ಎಂದು ಕೇಳುವರು. ನಾನು ಕಾರ್ಡು ಹಿಡಿದು ಆಸ್ಪತ್ರೆಗೆ ಓಡುವೆ. ಸಿಸ್ಟರ್ ಕಾರ್ಡಿನ ಮೇಲೆ ಎರಡು ದಿನಾಂಕ ಬರೆದು ತೋರಿಸಿದರು. ಒಂದು ಅವಳು ಹುಟ್ಟಿದ ದಿನ, ಇನ್ನೊಂದು ಹುಟ್ಟಬೇಕಾಗಿದ್ದ ದಿನ.

"ಈ ಎರಡನೇದ್ರಿಂದ ಎಣಿಸಿ ಸಾರ್. ಎರಡು ತಿಂಗಳು ಮುಂಚೆ ಬಂದವಳು, ಎರಡು ತಿಂಗಳು ಸಾಲ ಇಟ್ಕೊಂಡೇ ಬಂದಿದ್ದಾಳೆ. ಆ ಹುಡುಗನ ಜತೆ ಓಡಿಸ್ಬೇಡಿ."

ತಲೆಗೆ ಹೋಯಿತು. ಎದೆಗೆ ಇಳಿಯಲಿಲ್ಲ. ಅದಕ್ಕೆ ಸರಿಯಾಗಿ ಡಾಕ್ಟರು ಒಂದು ದಿನ ಅವಳ ಕಾಲನ್ನು ಮಡಿಸಿ ಬಿಡಿಸಿ, "ಸ್ವಲ್ಪ ಬಿಗಿ ಇದೆ. ಒಂದೂವರೆ ವರ್ಷದೊಳಗೆ ನಡೀಬೇಕು. ಇಲ್ಲದಿದ್ದರೆ ತಲೆ ಸ್ಕ್ಯಾನ್ ಮಾಡಿಸೋಣ" ಎಂದರು. ಕಾಲು ನಡೆಯದಿದ್ದರೆ ತಲೆ ಏಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಉತ್ತರ ಗೊತ್ತಿತ್ತು.

ನಾನು ಬೆಂಗಳೂರಿನ ತಂದೆ. ಪರೀಕ್ಷೆ ಎಂದ ಮೇಲೆ ಟ್ಯೂಷನ್ ಇರಲೇಬೇಕು. ಪೇಟೆಗೆ ಹೋಗಿ ಕೆಂಪು ಉಲ್ಲನ್ ತಂದು ಚೆಂಡು ಮಾಡಿದೆ. ದೇವರಮನೆಯಿಂದ ಗಂಟೆ ಎತ್ತಿಕೊಂಡೆ. ಬಡಗಿಯಿಂದ ಮರದ ತುಂಡು ಮಾಡಿಸಿದೆ. ಅರ್ಧ ಕೆಜಿ ಒಣದ್ರಾಕ್ಷಿ ತಂದೆ. ಮೂರು ವಾರ, ಕಚೇರಿಯಿಂದ ಬಂದ ಕೂಡಲೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠ. ನನ್ನ ಹೆಂಡತಿ, "ಮಗೂಗೆ ಹಾಲ್ ಟಿಕೆಟ್ ಬಂತಾ?" ಎಂದು ಅಡುಗೆಮನೆಯಿಂದ ಕೇಳುತ್ತಿದ್ದಳು.

ಆ ಶನಿವಾರ ನನ್ನ ಮಗಳು ಮಿಂಚಿದಳು. ಸ್ವಲ್ಪ ಜಾಸ್ತಿಯೇ ಮಿಂಚಿದಳು. ಸಿಸ್ಟರ್ ಗಂಟೆಗೆ ಕೈ ಹಾಕುವ ಮೊದಲೇ ತಲೆ ತಿರುಗಿಸಿದಳು. ಚೆಂಡು ಡಬ್ಬಿಯಲ್ಲಿರುವಾಗಲೇ ಅದನ್ನೇ ನೋಡಿದಳು. ದ್ರಾಕ್ಷಿ ಮೇಜಿಗೆ ಬರುವ ಮುಂಚೆಯೇ ಎರಡು ಬೆರಳು ಕೂಡಿಸಿ, ಕುಂಕುಮ ಇಡುವವಳಂತೆ ಕೈ ಮುಂದೆ ಚಾಚಿ ಕಾದಳು. ಸಿಸ್ಟರ್ ಮಗುವನ್ನು ನೋಡಿದರು. ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಸಾರ್, ಟ್ಯೂಷನ್ ಕೊಟ್ರಾ?"

ನಾನು ಹೆಮ್ಮೆಯಿಂದಲೇ ಚೀಲದ ಬಾಯಿ ತೆರೆದು ತೋರಿಸಿದೆ. ದ್ರಾಕ್ಷಿಯ ಪೊಟ್ಟಣ ಕಂಡದ್ದೇ ತಮಿಳು ಶುರುವಾಯಿತು. "ಅಯ್ಯೋ ಕಡವುಳೇ! ಇದನ್ನ ಮನೇಲಿ ಕೊಡ್ತೀರಾ? ಹಲ್ಲಿಲ್ಲದ ಮಗು, ಗಂಟಲಲ್ಲಿ ಸಿಕ್ಕಿಕೊಂಡ್ರೆ? ನಾನು ಇಲ್ಲಿ ಕಣ್ಣು ಮಿಟುಕಿಸದೆ ಒಂದೇ ಒಂದು ಇಡ್ತೀನಿ, ಬಾಯಿಗೆ ಹೋಗೋಕೆ ಮುಂಚೆ ತೆಗೀತೀನಿ. ನೋಡಿಲ್ವಾ ನೀವು?"

ವಿಮಾನಕ್ಕೆ ಹೆದರಿದ್ದೆ, ಇರುವೆಗೆ ಹೆದರಿದ್ದೆ, ನೆಲದ ತಂಡಿಗೆ ಹೆದರಿದ್ದೆ. ಲೋಕದಲ್ಲಿ ಹೆದರಬಹುದಾದದ್ದಕ್ಕೆಲ್ಲ ಹೆದರಿ, ನಿಜವಾಗಿ ಹೆದರಬೇಕಾದ ಒಂದನ್ನು ಕೈಯಾರೆ ತಂದು ಮಗುವಿನ ಮುಂದಿಟ್ಟಿದ್ದೆ.

ಸಿಸ್ಟರ್ ನನ್ನ ದ್ರಾಕ್ಷಿಯನ್ನೂ ಹೊಸ ಕೆಂಪು ಚೆಂಡನ್ನೂ ಜಪ್ತಿ ಮಾಡಿದರು. ಕಾರ್ಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಪಾಪು, ಪಾಸ್. ಅಪ್ಪ, ಫೇಲ್. ಬೆಂಚಿನ ಮೇಲಿದ್ದ ತಾಯಂದಿರೆಲ್ಲ ನಕ್ಕರು. ನಾನೂ ನಗಲು ಪ್ರಯತ್ನಪಟ್ಟೆ.

ಆಮೇಲೆ ಅವರು ದನಿ ತಗ್ಗಿಸಿ ಕೇಳಿದರು. "ಕೈಯೆಲ್ಲ ಚೆನ್ನಾಗಿ ಕೆಲಸ ಮಾಡ್ತಿದೆ. ತೆವಳ್ತಾಳಾ?"

"ಇಲ್ಲ."

"ನೆಲದ ಮೇಲೆ ಎಷ್ಟು ಹೊತ್ತು ಬಿಡ್ತೀರಿ?"

ನನ್ನ ಮಗಳು ನೆಲವನ್ನು ಮೇಲಿನಿಂದ ನೋಡಿದ್ದಳೇ ಹೊರತು ಮುಟ್ಟಿರಲಿಲ್ಲ. ನನ್ನ ತೋಳಿನಿಂದ ಅವಳ ಅಮ್ಮನ ತೋಳಿಗೆ, ಅಲ್ಲಿಂದ ಮಂಚಕ್ಕೆ, ಮಂಚದಿಂದ ಮತ್ತೆ ತೋಳಿಗೆ. "ನೀವೇ ಹೇಳಿದ್ರಲ್ಲ ಸಿಸ್ಟರ್, ಇಳಿಸ್ಬೇಡಿ ಅಂತ..."

ಬೈಯುತ್ತಾರೆ ಎಂದುಕೊಂಡೆ. ಬದಲಿಗೆ ನನ್ನ ಭುಜ ತಟ್ಟಿದರು. "ಹೇಳಿದ್ದೆ. ಅವತ್ತು ಅದು ಔಷಧಿ. ಇವತ್ತು ಬೇರೆ ಔಷಧಿ." ಚೀಟಿಯ ಮೇಲೆ ಬರೆದುಕೊಟ್ಟರು: ನೆಲ, ಬೆಳಿಗ್ಗೆಯಿಂದ ಸಂಜೆವರೆಗೆ. "ಆ ಸೀರೆ ತುಂಡು ಇದ್ಯಾ ಇನ್ನೂ? ಅದನ್ನ ಈಗ ನಿಮ್ಮ ಕೈಗೆ ಕಟ್ಕೊಳ್ಳಿ."

ತಮಾಷೆಗೆ ಅಂದದ್ದು. ನನ್ನ ಹೆಂಡತಿ ನಿಜವಾಗಿಯೇ ಕಟ್ಟಿದಳು. ಕಚೇರಿಯಿಂದ ಬಂದ ಮೇಲೆ ನಾನು ಕೈ ಕಟ್ಟಿಸಿಕೊಂಡು ಮೂಲೆಯಲ್ಲಿ ಕೂರುವುದು, ಮಗಳು ಕೆಂಪು ಗಾರೆ ನೆಲದ ಮೇಲೆ ಬೋರಲು ಬಿದ್ದು ಅಳುವುದು. ಅಳುವಳು, ಆಮೇಲೆ ನೆಲ ನೆಕ್ಕುವಳು, ಆಮೇಲೆ ಒಂದಿಷ್ಟು ಜರುಗುವಳು. ಹಿಂದಕ್ಕೆ ಜರುಗಿದಾಗ ಅದಕ್ಕೂ ಚಿಂತೆಪಟ್ಟೆ. ವಾರಗಳಾದವು, ತಿಂಗಳುಗಳಾದವು. ತೆವಳಿದಳು. ಕುರ್ಚಿ ಹಿಡಿದು ನಿಂತಳು. ಕೆಳಗಿನ ಮನೆಯ ಹುಡುಗ ಅಷ್ಟರಲ್ಲಿ ಗೇಟು ದಾಟಿ ಓಡುತ್ತಿದ್ದ. ಡಾಕ್ಟರು ಹೇಳಿದ ಒಂದೂವರೆ ವರ್ಷ ಹತ್ತಿರವಾಗುತ್ತಿತ್ತು, ಇವಳು ಮಾತ್ರ ಹಿಡಿದದ್ದನ್ನು ಬಿಡಳು.

ಹದಿನೇಳು ತಿಂಗಳು ತುಂಬಿದ ಮೇಲಿನ ಶನಿವಾರ. ಸಿಸ್ಟರ್ ಅವಳನ್ನು ಕಾರಿಡಾರಿನ ಬೆಂಚಿಗೆ ಹಿಡಿಸಿ ನಿಲ್ಲಿಸಿದರು. ಅವಳು ತಕ್ಷಣ ನನ್ನ ಕಡೆ ಕೈ ಚಾಚಿದಳು. ನನ್ನ ಎರಡೂ ಕೈ ತಾವಾಗಿಯೇ ಮುಂದೆ ಹೋದವು.

"ಸಾರ್, ನೀವು ಆಚೆ ಹೋಗಿ," ಎಂದರು ಸಿಸ್ಟರ್.

"ಬಿದ್ರೆ?"

ಬೆಂಚಿನಲ್ಲಿದ್ದ ಶಿವಾಜಿನಗರದ ತಾಯಿಯೊಬ್ಬರಿಗೆ ತಡೆಯಲಾಗಲಿಲ್ಲ. "ಅರೆ ಭಾಯ್, ಛೋಡೋ ನಾ ಉಸ್ಕು! ಬಿಟ್ಬಿಡಿ ಅವಳನ್ನ, ಬಿದ್ರೆ ನಾವೆಲ್ಲ ಇಲ್ವಾ?"

ನಾನು ಬಾಗಿಲಿನ ಹಸಿರು ಪರದೆಯ ಹಿಂದೆ ಹೋಗಿ ನಿಂತೆ. ಸಂದಿಯಿಂದ ನೋಡಿದೆ. ಸಿಸ್ಟರ್ ಸೀರೆ ಸರಿಪಡಿಸಿಕೊಂಡು, ಮಂಡಿ ಹಿಡಿದುಕೊಂಡು, ಕಷ್ಟಪಟ್ಟು ನೆಲದ ಮೇಲೆ ಕೂತರು. ಡಬ್ಬಿಯಿಂದ ಕೆಂಪು ಚೆಂಡು ತೆಗೆದರು. ಮಾಸಿದ್ದಲ್ಲ, ನನ್ನಿಂದ ಕಿತ್ತುಕೊಂಡ ಹೊಸದು. ಅದನ್ನು ದಾರದಲ್ಲಿ ಹಿಡಿದು ಆಡಿಸಿದರು. ಬಾ ಎನ್ನಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಒಳಲೆಯ ಗುಟುಕಿಗೆ ಕಾಯುತ್ತಿದ್ದರಲ್ಲ, ಹಾಗೆಯೇ ಕಾದರು. ಕಾರಿಡಾರೆಲ್ಲ ಕಾದಿತು.

ಮಗಳು ಬೆಂಚಿನಿಂದ ಒಂದು ಕೈ ಬಿಟ್ಟಳು. ಮತ್ತೊಂದನ್ನೂ ಬಿಟ್ಟಳು. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಇಡೀ ಮೈ ವಾಲಿತು, ನನ್ನ ಮೈಯೂ ಪರದೆಯ ಹಿಂದೆ ವಾಲಿತು. ಧೊಪ್ಪನೆ ಕೂತಳು. ಯಾರೂ ಎತ್ತಲಿಲ್ಲ. ಅವಳು ಸುತ್ತ ನೋಡಿ, ಎತ್ತುವವರು ಯಾರೂ ಇಲ್ಲ ಎಂದು ಖಾತರಿ ಮಾಡಿಕೊಂಡು, ಎರಡೂ ಅಂಗೈ ನೆಲಕ್ಕೂರಿ, ಹಿಂಭಾಗ ಮೇಲೆತ್ತಿ, ತಾನೇ ಎದ್ದಳು. ನಾಲ್ಕು, ಐದು, ಆರು, ಏಳು... ಹೋಗಿ ಚೆಂಡನ್ನು ಕಸಿದುಕೊಂಡು ಸೀದಾ ಬಾಯಿಗೆ ಹಾಕಿಕೊಂಡಳು.

ಬೆಂಚಿಗೆ ಬೆಂಚೇ ಕೂಗಿತು. ಮಾಷಾ ಅಲ್ಲಾ ಎಂದವರು ಯಾರೋ, ನೆಟಿಗೆ ಮುರಿದವರು ಯಾರೋ. ಆಯಾ ಕಸಪೊರಕೆ ಬಿಟ್ಟು ಓಡಿಬಂದಳು. ಸಿಸ್ಟರ್ ಮಾತ್ರ ತಿರುಗದೆಯೇ ಹೇಳಿದರು: "ಸಾರ್, ಪರದೆ ಕೆಳಗೆ ನಿಮ್ಮ ಚಪ್ಪಲಿ ಕಾಣ್ತಿದೆ. ಅಳೋದಾದ್ರೆ ಈಚೆ ಬಂದು ಅಳಿ."

ಸ್ಕ್ಯಾನಿನ ಮಾತು ಅಲ್ಲಿಗೆ ಮುಗಿಯಿತು. ಕಾರ್ಡಿನಲ್ಲಿ ಕೊನೆಯ ಟಿಕ್ ಬಿತ್ತು. ನಾನು ಅಂಚಿನಲ್ಲಿದ್ದ ನನ್ನ ಫಲಿತಾಂಶವನ್ನು ತೋರಿಸಿ, ಇದನ್ನೂ ತಿದ್ದಬಹುದಲ್ಲ ಸಿಸ್ಟರ್ ಎಂದೆ. ಅವರು 'ಫೇಲ್' ಅನ್ನು ಹೊಡೆದುಹಾಕಿದರು. ಅದರ ಮುಂದೆ ಏನೂ ಬರೆಯಲಿಲ್ಲ. "ನೋಡೋಣ. ನಿಮ್ಮ ಬೆಳವಣಿಗೆ ಸ್ವಲ್ಪ ನಿಧಾನ."

ಅಂದಿನಿಂದ ನಮ್ಮ ಮನೆಯಲ್ಲಿ ಮಗಳಿಗೆ ವರ್ಷಕ್ಕೆ ಎರಡು ಹುಟ್ಟುಹಬ್ಬ. ಎರಡನೆಯದಕ್ಕೆ ದ್ರಾಕ್ಷಿ ಹಾಕಿದ ಪಾಯಸ. ಮೊದಮೊದಲು ಡಬ್ಬಿಯಲ್ಲಿ ತುಂಬಿ ಸಿಸ್ಟರಿಗೂ ಒಯ್ಯುತ್ತಿದ್ದೆವು. ಆಮೇಲೆ ಸ್ಕೂಲು, ಮನೆ ಬದಲಾವಣೆ, ಕೆ.ಆರ್. ಪುರದ ದೂರ... ನೆಪಗಳಿಗೇನು. ಮಗಳು ಹತ್ತನೆಯ ಕ್ಲಾಸಿನಲ್ಲಿದ್ದಾಗ ಮತ್ತೆ ಹೋದೆವು. ಸಿಸ್ಟರ್ ನಿವೃತ್ತರಾಗಿ, ತೀರಿಕೊಂಡು ಎರಡು ವರ್ಷವಾಗಿತ್ತು ಎಂದು ಆಯಾ ಹೇಳಿದಳು. ಕಾರಿಡಾರಿನಲ್ಲಿ ಎಳೆಯ ವಯಸ್ಸಿನ ನರ್ಸೊಬ್ಬಳು ಯಾವುದೋ ಕೂಸಿನ ಮುಂದೆ ಕೆಂಪು ಚೆಂಡು ಆಡಿಸುತ್ತಿದ್ದಳು. ನನ್ನದೇ. ವಕ್ರವಾಗಿ ಗಂಟು ಹಾಕಿದ್ದು ನಾನೇ ಅಲ್ಲವೇ, ಗುರುತು ಸಿಗದಿರುತ್ತದೆಯೇ? ಕೂಸಿನ ಕಣ್ಣು ಅದರ ಹಿಂದೆ ಹೋಗುತ್ತಿತ್ತು, ಬರುತ್ತಿತ್ತು. ಪಾಯಸವನ್ನು ಬೆಂಚಿನವರಿಗೆ ಹಂಚಿ ಬಂದೆವು.

ಕಳೆದ ವಾರ ಮಾರುಕಟ್ಟೆಗೆ ಹೋದದ್ದೂ ಆ ಎರಡನೆಯ ಹುಟ್ಟುಹಬ್ಬದ ದ್ರಾಕ್ಷಿಗೇ. ಪೊಟ್ಟಣ ಹಿಡಿದು ಮಗಳು ಜನರ ನಡುವೆ ದಾರಿ ಮಾಡಿಕೊಂಡು ಬಿರಬಿರನೆ ಹೊರಟಳು. ನೆಲವೆಲ್ಲ ನೀರು, ಸೊಪ್ಪಿನ ಕಸ. ಒಂದು ಕಡೆ ಅವಳ ಕಾಲು ಸರ್ರನೆ ಜಾರಿತು. ನನ್ನ ಕೈ ಮುಂದೆ ಹೋಯಿತು... ಅಷ್ಟರಲ್ಲಿ ಅವಳೇ ಸಾವರಿಸಿಕೊಂಡು, ಹಿಂತಿರುಗಿಯೂ ನೋಡದೆ ಮುಂದೆ ನಡೆದಳು. ನಾನು ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡು ಹಿಂದೆ ಹಿಂದೆ ನಡೆದೆ.

ಕಾರ್ಡು ಇನ್ನೂ ಬೀರುವಿನಲ್ಲಿದೆ. 'ಅಪ್ಪ' ಎಂಬುದರ ಮುಂದಿನ ಜಾಗ ಖಾಲಿ. ಈಗ ಬಹುಶಃ ಪಾಸಾಗಿದ್ದೇನೆ. ಬರೆಯಬೇಕಾದವರೇ ಇಲ್ಲ.