ಗೇಟಿನ ಆಚೆ ನಿಂತಿದ್ದ ಅಪ್ಪ

ಉಗರಗೋಳದ ಆಚೆಗಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ನಾನು ಟೀಚರ್ ಆಗಿದ್ದೆ. ಐದನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತಂಗಿ ಒಂದನೇ ತರಗತಿ. ಅವರಪ್ಪ ಸವದತ್ತಿಯಿಂದ ದೇವಿಯ ಗುಡ್ಡಕ್ಕೆ ಭಕ್ತರನ್ನು ಕರೆದೊಯ್ಯುವ ಟಂಟಂ ಆಟೋ ಓಡಿಸುತ್ತಿದ್ದ. ಅವನು ಕುಡಿಯುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಅವರ ಮನೆಯ ವಿಷಯ, ನಾನೇನು ಮಾಡಲಿ ಎಂದು ಸುಮ್ಮನಿದ್ದೆ.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಆ ಟಂಟಂ ಗೇಟಿನ ಮುಂದೆ ಬಂದು ನಿಂತಿತು. ಮುಂದಿನ ಗಾಲಿ ಗಟಾರದ ಅಂಚಿಗಿತ್ತು. ಉಳಿದ ಮಕ್ಕಳು ಮನೆಗೆ ಓಡಿದರು. ಈ ಹುಡುಗಿ ಮಾತ್ರ ತಂಗಿಯ ಕೈ ಹಿಡಿದು ನನ್ನ ಹಿಂದೆ ನಿಂತಳು.

"ಅಕ್ಕೋರ, ಅಪ್ಪ ಕುಡದಾನ್ರಿ."

"ಇನ್ನೂ ಗಾಡಿ ಇಳದಿಲ್ಲ, ನಿನಗ ಹೆಂಗ ಗೊತ್ತಾತು?"

"ಹಾರ್ನ್ ಭಾಳ ಹೊತ್ತ ಒತ್ತಿದ್ನಲ್ರಿ."

ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿದ್ದರು. ಉಳಿದವರು ನಾನು ಮತ್ತು ಬಿಸಿಯೂಟದ ಪಾತ್ರೆ ತೊಳೆಯುತ್ತಿದ್ದ ಅಡುಗೆಯಾಕೆ. "ಇವರವ್ವಗ ಫೋನ್ ಹಚ್ರಿ" ಎಂದು ಆಕೆಗೆ ಕೂಗಿ ಹೇಳಿ ಹೊರಗೆ ಹೋದೆ. ಅವನು ತಡವರಿಸುತ್ತ ಇಳಿಯುತ್ತಿದ್ದ. ಇಂಜಿನ್ ಇನ್ನೂ ಚಾಲೂ ಇತ್ತು. ಕೈ ಹಾಕಿ ಚಾವಿ ಕಿತ್ತುಕೊಂಡು, ಒಳಗೆ ಬಂದು ಗೇಟಿನ ಚಿಲಕ ಹಾಕಿದೆ. ಇಷ್ಟು ಧೈರ್ಯ ಎಲ್ಲಿಂದ ಬಂತೋ ತಿಳಿಯದು.

"ಚಾವಿ ಕೊಡ್ರಿ ಅಕ್ಕೋರ." ದನಿ ಮೆತ್ತಗಿತ್ತು. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

"ಇವತ್ತ ಕೊಡೂದಿಲ್ರಿ. ಮಕ್ಕಳನ್ನೂ ಕಳಸೂದಿಲ್ಲ. ಅವರವ್ವ ಬರ್ತಾಳ."

"ನನ್ನ ಮಕ್ಕಳವು! ಕಳಸೂದಿಲ್ಲ ಅನ್ನಾಕ ನೀವ್ಯಾರ್ರಿ?"

ಎರಡೂ ಕೈಯಿಂದ ಗೇಟು ಹಿಡಿದು ಅಲ್ಲಾಡಿಸತೊಡಗಿದ. ಚಿಲಕ ಕುಣಿಯುತ್ತಿತ್ತು. ಚಿಕ್ಕವಳು ಅಳಲೂ ಇಲ್ಲ, ನನ್ನ ಸೀರೆಯಲ್ಲಿ ಮುಖ ಹುದುಗಿಸಿದಳು. ಅಷ್ಟರಲ್ಲಿ ದೊಡ್ಡವಳು ಮುಂದೆ ಬಂದಳು.

"ಅಪ್ಪಾ, ನಂದ ತಪ್ಪಾತು. ಇನ್ನೊಮ್ಮೆ ಚೆಲ್ಲೂದಿಲ್ಲ!"

ನನಗೆ ತಿಳಿಯಲಿಲ್ಲ. ಬಿಕ್ಕುತ್ತ ಹೇಳಿದಳು: ಅಪ್ಪ ಬಚ್ಚಿಟ್ಟಿದ್ದ ಬಾಟಲಿಯನ್ನು ಬೆಳಿಗ್ಗೆ ಬಚ್ಚಲಿಗೆ ಸುರಿದಿದ್ದಳಂತೆ. ಅದರ ಸಿಟ್ಟಿಗೇ ಅಪ್ಪ ಇನ್ನೂ ಹೆಚ್ಚು ಕುಡಿಯುತ್ತಾನೆ, ಗಾಡಿ ಎಲ್ಲಿಯಾದರೂ ಬಿದ್ದರೆ ಅದೂ ತನ್ನಿಂದಲೇ ಎಂದು ಮಧ್ಯಾಹ್ನವಿಡೀ ಅಂದುಕೊಂಡೇ ಕೂತಿದ್ದಳು.

ನಾನು ಅವಳೆದುರು ಕುಕ್ಕರಗಾಲಲ್ಲಿ ಕೂತೆ. "ಇಲ್ಲಿ ನೋಡವಾ. ನೀ ಚೆಲ್ಲಿದ್ದಕ್ಕ ಅವರು ಕುಡದಿಲ್ಲ. ಚೆಲ್ಲಿರದಿದ್ರೂ ಕುಡೀತಿದ್ರು. ಅದು ಅವರಿಗೆ ಅಂಟಿದ ರೋಗ. ನೀ ಹಚ್ಚಿದ್ದಲ್ಲ. ಬಿಡಸೂದೂ ನಿನ್ನ ಕೆಲಸ ಅಲ್ಲ." ಅವನಿಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ.

ಗೇಟಿನ ಸದ್ದು ನಿಂತಿತು. ಸರಳು ಹಿಡಿದು ಮಗಳನ್ನೇ ನೋಡುತ್ತಿದ್ದ. ಬೈಯುತ್ತಾನೋ, ಗೇಟು ಹತ್ತಿ ಬರುತ್ತಾನೋ ಎಂದು ನಾನು ಮಕ್ಕಳನ್ನು ಹಿಂದಕ್ಕೆ ಸರಿಸಿದೆ. ಅವನು ಗಾಲಿಗೆ ಒರಗಿ ಮಣ್ಣಲ್ಲಿ ಕುಸಿದು ಕೂತ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಡತಿ ಓಡುತ್ತ ಬಂದಾಗಲೂ ತಲೆ ಎತ್ತಲಿಲ್ಲ. ಚಾವಿಯನ್ನು ಅವಳ ಕೈಗೆ ಕೊಟ್ಟೆ.

ಮರುದಿನ ಆ ತಾಯಿ, ಅಡುಗೆಯಾಕೆ ಮತ್ತು ನಾನು ಕೂತು ಒಂದು ಮಾತು ಮಾಡಿಕೊಂಡೆವು. ಅಪ್ಪ ಕುಡಿದು ಬಂದ ದಿನ ಇಬ್ಬರೂ ಹುಡುಗಿಯರು ನೇರ ಅಡುಗೆಯಾಕೆಯ ಮನೆಗೆ ಹೋಗಬೇಕು, ಯಾರನ್ನೂ ಕೇಳಬೇಕಿಲ್ಲ. ಆಕೆಯ ಮನೆ ಮಕ್ಕಳ ಮನೆಗೆ ಎದುರೇ ಇತ್ತು. ಇಷ್ಟನ್ನು ವರ್ಷದ ಹಿಂದೆಯೇ ಮಾಡಬಹುದಿತ್ತಲ್ಲ ಎಂಬ ನಾಚಿಕೆ ನನಗೆ ಇಂದಿಗೂ ಇದೆ.

ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಮೂರು ತಿಂಗಳು ಕುಡಿತ ಬಿಟ್ಟಿದ್ದ. ಆಮೇಲೆ ಒಂದು ಬೆಳಿಗ್ಗೆ ಹುಡುಗಿ ನನ್ನ ಟೇಬಲ್ ಹತ್ತಿರ ಬಂದು ಹೇಳಿದಳು: "ಅಪ್ಪ ಮತ್ತ ಕುಡ್ಯಾಕ ಹತ್ಯಾನ್ರಿ. ನಿನ್ನೆ ತಂಗೀನ ಕರಕೊಂಡು ಎದರಮನಿಗೆ ಹೋದೆ. ಅಲ್ಲೇ ಕುಂತು ಮಗ್ಗಿ ಬರದೆ."

ನೋಟ್‌ಬುಕ್ ಮುಂದಿಟ್ಟಳು. ಹದಿನೇಳರ ಮಗ್ಗಿ, ಎರಡು ಕಡೆ ತಪ್ಪಿತ್ತು. ತಿದ್ದಿ ಕೊಟ್ಟೆ.